ಟ್ರಯೊಂಡಾ ಚೆಂಡು: ಸೆನ್ಸರಿಗಿಂತ ಬೆಸುಗೆಯ ಗೆರೆಯೇ ಮೇಲು

2026ರ ಫುಟ್‌ಬಾಲ್ ವಿಶ್ವಕಪ್‌ಗಾಗಿ ಅಡಿಡಾಸ್ ರೂಪಿಸಿದ ಟ್ರಯೊಂಡಾದ ಪ್ರೊ ಮಾದರಿಯನ್ನು ನಮ್ಮ ಕ್ಲಬ್ಬಿನವರು ಕೊಂಡು, ಕಾಸರಗೋಡಿನ ಉಪ್ಪಳದ ಕಡೆಯ ಟರ್ಫ್‌ನಲ್ಲೂ ಕೊಯ್ಲಾದ ಗದ್ದೆಯಲ್ಲೂ ಆಡಿ ನೋಡಿದ್ದಾರೆ. ಬೆಲೆ ದುಬಾರಿಯಾದ್ದರಿಂದ, ಈ ದುಡ್ಡು ಯಾವುದಕ್ಕೆ ಸಲ್ಲುತ್ತದೆ ಎಂಬುದನ್ನು ಬಿಡಿಸಿ ಹೇಳುವುದು ಅಗತ್ಯ.

ಈ ಚೆಂಡಿನ ಹೊದಿಕೆ ಕೇವಲ 4 ತುಂಡುಗಳದ್ದು. 1970ರ ವಿಶ್ವಕಪ್ಪಿನ ಚೆಂಡಾದ ಟೆಲ್‌ಸ್ಟಾರ್‌ನಲ್ಲಿ ಕೈಯಿಂದ ಹೊಲಿದ 32 ತುಂಡುಗಳಿದ್ದವು; 2010ರ ಜಬುಲಾನಿಯಲ್ಲಿ ಶಾಖದಿಂದ ಬೆಸೆದ 8 ಮಾತ್ರ. ತುಂಡು ಕಡಿಮೆಯಾದಷ್ಟೂ ಮೈ ನುಣುಪಾಗುತ್ತದೆ, ಆದರೆ ಅತಿ ನುಣುಪು ಒಳ್ಳೆಯದಲ್ಲ. ಗೆರೆಗಳೂ ಒರಟುತನವೂ ಚೆಂಡಿನ ಮೈಗೆ ತಾಗುವ ಗಾಳಿಯನ್ನು ಕಲಕಿ, ಅದು ಹಿಂಬದಿಯವರೆಗೂ ಅಂಟಿಕೊಂಡು ಸಾಗುವಂತೆ ಮಾಡುತ್ತವೆ. ಅವು ಸಾಲದಿದ್ದರೆ, ಸುತ್ತದೆ ಹಾರುವ ಚೆಂಡು ಒಂದು ವೇಗದ ಆಸುಪಾಸಿನಲ್ಲಿ ಹಠಾತ್ತನೆ ಓಲಾಡತೊಡಗುತ್ತದೆ. ಗೋಲ್‌ಕೀಪರ್‌ಗಳು ಜಬುಲಾನಿಯನ್ನು ಶಪಿಸಿದ್ದು ಇದಕ್ಕೇ. ಅದರ ಬೆಸುಗೆಯ ಒಟ್ಟು ಉದ್ದ ಸುಮಾರು 203 ಸೆಂ.ಮೀ.; 2014ರ ಬ್ರಝುಕಾದಲ್ಲಿ ತುಂಡುಗಳು 6ಕ್ಕೆ ಇಳಿದರೂ ಗೆರೆಗಳು ಬಳುಕಿದ್ದರಿಂದ ಆ ಉದ್ದ 327 ಸೆಂ.ಮೀ.ಗೆ ಏರಿತ್ತು. ಟ್ರಯೊಂಡಾ ತುಂಡುಗಳ ಕೊರತೆಯನ್ನು ಬೇಕೆಂದೇ ಆಳವಾಗಿಸಿದ ಗೆರೆಗಳಿಂದ ತುಂಬಿಕೊಂಡಿದೆ. ಉಗುರು ಆಡಿಸಿದರೆ ಆ ಆಳ ಚೆನ್ನಾಗಿ ತಿಳಿಯುತ್ತದೆ. ಹತ್ತಿರ ಹಿಡಿದಾಗ ಮಾತ್ರ ಕಾಣುವ, ಉಬ್ಬಾಗಿ ಒತ್ತಿದ ಮೇಪಲ್ ಎಲೆ, ಹದ್ದು ಹಾಗೂ ನಕ್ಷತ್ರಗಳು ಅಲಂಕಾರಕ್ಕಷ್ಟೇ ಅಲ್ಲ. ಒದ್ದೆಯಾದಾಗ ಬೂಟಿಗೂ ಗ್ಲೌಸಿಗೂ ಹಿಡಿತ ಕೊಡುವುದು ಅವೇ.

ಇನ್ನು ಎಲ್ಲರ ಬಾಯಲ್ಲಿರುವ ಸೆನ್ಸರ್. ಪಂದ್ಯದ ಚೆಂಡಿನಲ್ಲಿ ಅದು ಸೆಕೆಂಡಿಗೆ 500 ಬಾರಿ ಚಲನೆಯನ್ನು ಅಳೆದು ವಿಡಿಯೊ ನೋಡಿ ರೆಫ್ರಿಗೆ ನೆರವಾಗುವ ವಿಎಆರ್ ಕೊಠಡಿಗೆ ಕಳುಹಿಸುತ್ತದೆ. 2022ರ ಅಲ್ ರಿಹ್ಲಾದಲ್ಲಿ ಅದನ್ನು ನಡುಮಧ್ಯದಲ್ಲಿ ತೂಗುಹಾಕಿದ್ದರೆ, ಇಲ್ಲಿ ಒಂದು ತುಂಡಿನ ಒಳಪದರದಲ್ಲಿಟ್ಟು, ತೂಕ ಒಂದೇ ಕಡೆಗೆ ಎಳೆಯದಂತೆ ಉಳಿದ ಮೂರರಲ್ಲಿ ಸಮತೂಕ ಕೂಡಿಸಿದ್ದಾರೆ. ಜಾಣ ವಿನ್ಯಾಸವೇ ಹೌದು. ಆದರೆ ಕ್ರೀಡಾಂಗಣದ ಕ್ಯಾಮೆರಾಗಳ ಜೊತೆಯಿಲ್ಲದೆ ಈ ಸೆನ್ಸರ್ ಆಫ್‌ಸೈಡ್ ತೀರ್ಪಿಗೆ ನೆರವಾಗದು. ಆಫ್‌ಸೈಡನ್ನೇ ಲೆಕ್ಕಿಸದ ತಂಡಕ್ಕೆ ಏಳೇ ಮಂದಿಯ ನಮ್ಮ ಸೆವೆನ್ಸ್ ಆಟಕ್ಕಂತೂ ಅದರ ಹಂಗೇ ಇಲ್ಲ. ಇದೇ ಬಣ್ಣದ, ಯಂತ್ರದಲ್ಲಿ ಹೊಲಿದ ನಕಲಿ ಚೆಂಡನ್ನು ಒಂದು ಅಂಗಡಿಯಲ್ಲಿ ‘ಚಿಪ್ ಇರುವ ಚೆಂಡು’ ಎಂದು ತೋರಿಸಿದರು. ಅಂಥ ಮಾತಿಗೆ ಹಣ ತೆರಬೇಕಿಲ್ಲ.

ಹಣ ತೆರಬೇಕಾದುದು ಬೆಸುಗೆಗೆ. ಚೆಂಡಿಗೆ ‘ಫಿಫಾ ಕ್ವಾಲಿಟಿ ಪ್ರೊ’ ಎಂಬ ಗುಣಮಟ್ಟದ ಮುದ್ರೆ ಕೊಡುವ ಪರೀಕ್ಷೆಯಲ್ಲಿ ಚೆಂಡನ್ನು ನೀರಿನಲ್ಲಿ 250 ಬಾರಿ ಅದುಮಿ, ತೂಕ ಶೇ. 10ಕ್ಕಿಂತ ಹೆಚ್ಚು ಏರಬಾರದೆಂದು ನೋಡುತ್ತಾರೆ. ಸೂಜಿಯ ತೂತುಗಳಿಂದ ನೀರು ಕುಡಿದು ಭಾರವಾಗುವ ಹೊಲಿಗೆಯ ಚೆಂಡನ್ನು ಆಟಿ ತಿಂಗಳ ಜೋರು ಮಳೆಯಲ್ಲಿ ತಲೆಯಿಂದ ಹೊಡೆದವರಿಗೆ ಈ ವ್ಯತ್ಯಾಸ ಬಿಡಿಸಿ ಹೇಳಬೇಕಾಗಿಲ್ಲ.

ಮುರಕಲ್ಲಿನ (ಜಂಬಿಟ್ಟಿಗೆಯ) ಮೈದಾನಕ್ಕೆ ಮಾತ್ರ ಇದನ್ನು ಒಯ್ಯಬೇಡಿ. ಹುಲ್ಲಿಗೆಂದು ಮಾಡಿದ ಹೊದಿಕೆಯನ್ನು ಹರಳುಕಲ್ಲಿನ ಮೇಲೆ ಉಜ್ಜಿ ಹಾಳುಮಾಡುವುದಕ್ಕಿಂತ ಅಲ್ಲಿ ಗಟ್ಟಿಮುಟ್ಟಾದ ಹೊಲಿಗೆಯ ಚೆಂಡೇ ಲಾಭ. ಫುಟ್‌ಬಾಲ್ ನಿಯಮ ಚೆಂಡಿನೊಳಗೆ 0.6ರಿಂದ 1.1 ವಾಯುಭಾರದವರೆಗಿನ (ಅಟ್ಮಾಸ್ಫಿಯರ್) ಒತ್ತಡವನ್ನು ಒಪ್ಪುತ್ತದೆ. ಗಟ್ಟಿ ನೆಲದಲ್ಲಿ ಆಡುವುದಾದರೆ ಕೆಳಗಿನ ಅಂಕಿಯ ಹತ್ತಿರ ಗಾಳಿ ಹಾಕಿದರೆ ಪುಟಿತ ಕೈಮೀರುವುದಿಲ್ಲ.