ಗ್ರೇವ್ಸ್ ಇದ್ದವ್ರಿಗೆ: ಕಾರ್ಬಿಮಜೋಲ್ ಗುಳಿಗಿ ಬಗ್ಗೆ ನನ್ನ ರಿವ್ಯೂ

ಗ್ರೇವ್ಸ್ ಅಂದ್ರ ಥೈರಾಯ್ಡ್ ಹಾರ್ಮೋನ್ ಹೆಚ್ಚಾಗೋ ರೋಗ, ಕಾರ್ಬಿಮಜೋಲ್ ಅದನ್ನ ಇಳಸೋ ಗುಳಿಗಿ. ಐದಕ್ಕ ನಾಕು ಸ್ಟಾರ್. ಒಂದು ಯಾಕ ಕಡಿಮಿ ಮಾಡೀನಿ ಅನ್ನೋದು ಕೆಳಗ ಬರತೈತಿ, ಉಳಿದಿದ್ದೆಲ್ಲಾ ಬಿಟ್ರೂ ನಡೀತೈತಿ ಆದ್ರ ಅದೊಂದು ಪ್ಯಾರಾ ಮಾತ್ರ ಬಿಡಬ್ಯಾಡ್ರಿ. ನಾ ಜಮಖಂಡಿಯಾಕಿ, ತೋರಿಸೋದು ಬೆಳಗಾವಿಯಾಗ ಒಬ್ರು ಎಂಡೋಕ್ರೈನಾಲಜಿ (ಹಾರ್ಮೋನ್) ಡಾಕ್ಟರ್ ಕಡೆ, ಗುಳಿಗಿ ಚಾಲೂ ಮಾಡಿ ವರ್ಷದ ಮ್ಯಾಲಾತು. ಈ ಗುಳಿಗಿ ತಗೊಂಡವ್ರು ಕನ್ನಡದಾಗ ಏನರ ಬರದಾರೇನು ಅಂತ ಹುಡುಕಿದ್ರ ನಂಗ ಸಿಕ್ಕಿದ್ದೆಲ್ಲಾ ಹಾರ್ಮೋನ್ ಕಡಿಮಿ ಆದವ್ರು ನುಂಗೋ ಥೈರಾಕ್ಸಿನ್ ಬಗ್ಗೆನ ಇತ್ತು, ಅದಕ್ಕ ಬರ್ಯಾಕತ್ತೀನಿ.

ನಮ್ಮ ಕಡೆ ಥೈರಾಯ್ಡ್ ಅಂದ ಕೂಡ್ಲೆ ಎಲ್ಲಾರ ತಲ್ಯಾಗ ಬರೋದು ದಪ್ಪ ಆಗೋ ಥೈರಾಯ್ಡ್, ಮುಂಜಾನೆ ಎದ್ದು ಖಾಲಿ ಹೊಟ್ಟಿಲೆ ಗುಳಿಗಿ ನುಂಗಿ ಅರ್ಧ ತಾಸು ಚಾ ಕುಡೀದ ಕುಂದ್ರೋದು. ಅದು ಹಾರ್ಮೋನ್ ಕಡಿಮಿ ಆದವ್ರದು, ಅವರೊಳಗ ಭಾಳ ಮಂದಿಗೆ ಹಶಿಮೋಟೊ ಅನ್ನೋ ರೋಗ ಇರತೈತಿ, ಅಂದ್ರ ಮೈಯಾಗಿನ ರೋಗನಿರೋಧಕ ಶಕ್ತಿನ ಥೈರಾಯ್ಡ್ ಗ್ರಂಥಿ ಮ್ಯಾಲೆ ಬಿದ್ದು ಅದನ್ನ ಹಾಳು ಮಾಡತೈತಿ. ಗ್ರೇವ್ಸ್‌ದಾಗೂ ದಾರಿ ತಪ್ಪೋದು ಅದ ಶಕ್ತಿ, ಆದ್ರ ಇಲ್ಲಿ ಅದು ತಯಾರ ಮಾಡೋ ಆಂಟಿಬಾಡಿ, ಗ್ರಂಥಿಗೆ ಕೆಲಸ ಮಾಡು ಅಂತ ಹೇಳೋ ಟಿಎಸ್‌ಎಚ್ ಅನ್ನೋ ಹಾರ್ಮೋನ್ ಕುಂದ್ರೋ ಜಾಗಾದಾಗ ತಾನ ಕುಂತು ಗ್ರಂಥಿನ್ನ ಹಗಲು ರಾತ್ರಿ ದುಡಿಸತೈತಿ. ಹಂಗಾಗಿ ಬಾಜೂ ಮನಿಯವ್ರ ಗುಳಿಗಿ, ಅವರ ಪಥ್ಯ, ಅವರ ಸಲಹೆ ಒಂದೂ ನಮಗ ಹೊಂದೂದಿಲ್ಲ. ಗ್ರೇವ್ಸ್ ಇದ್ದವ್ರು ಥೈರಾಕ್ಸಿನ್ ನುಂಗಿದ್ರ ಉರಿಯೋ ಒಲಿಗೆ ಮತ್ತಷ್ಟು ಕಟಗಿ ಹಾಕಿದಂಗ, ದಯವಿಟ್ಟು ಯಾರ ಡಬ್ಬಿಯಿಂದನೂ ಇಸಗೊಂಡು ತಿನ್ನಬ್ಯಾಡ್ರಿ.

ನಂಗ ಆಗಿದ್ದು ಏನಂದ್ರ ಊಟ ಹೆಚ್ಚಾತು ತೂಕ ಇಳೀತು, ಎದಿ ಡವಡವ, ಕೈ ನಡುಗೋದು, ನಿದ್ದಿ ಇಲ್ಲ, ಸಣ್ಣ ಮಾತಿಗೂ ಸಿಟ್ಟು, ಕುಂತು ಏಳಾಕ ತೊಡ್ಯಾಗ ಬಲ ಇಲ್ಲ. ಪಾವುಣ್ರು ಬಂದಾಗ ಅವರ ಕೂಡ ಗೋಳಗುಮ್ಮಟಕ್ಕ ಹೋಗಿ ಮೆಟ್ಟಲ ಏರಲಾರದ ಅರ್ಧಕ್ಕ ಇಳದು ಬಂದೆ. ಬೆವರು ಮಾತ್ರ ಯಾರಿಗೂ ರೋಗ ಅನಿಸಲಿಲ್ಲ, ಬ್ಯಾಸಗ್ಯಾಗ ನಮ್ಮ ಕಡೆ 40 ಡಿಗ್ರಿ ದಾಟಿದ ಮ್ಯಾಲೆ ಬೆವರದವ್ರು ಯಾರದಾರ? ಮಳಿಗಾಲ ಹಿಡದು ಎಲ್ಲಾರೂ ಹೊಚಗೊಂಡು ಮಲಗಿದಾಗೂ ನಂಗ ಫ್ಯಾನ್ ಬೇಕಾತು, ಅವಾಗ ಅತ್ತಿಯವ್ರ ಗುರ್ತು ಹಿಡದ್ರು, "ಇದು ಬಿಸಲಿಂದ ಅಲ್ಲವಾ, ಮೊದ್ಲ ರಕ್ತ ತಪಾಸ ಮಾಡಸು" ಅಂತ. ಟಿಎಸ್‌ಎಚ್ 0.01ಕ್ಕಿಂತ ಕಡಿಮಿ (ಥೈರಾಯ್ಡ್ ಹಾರ್ಮೋನ್ ಹೆಚ್ಚಾದ್ರ ಇದು ಇಳೀತೈತಿ), ಗ್ರಂಥಿ ತಯಾರ ಮಾಡೋ ಹಾರ್ಮೋನ್ ಟಿ3 ಟಿ4 ಎರಡೂ ಜಾಸ್ತಿ.

ಇಲ್ಲೊಂದು ಮಾತು. ಟಿ4 ಜಾಸ್ತಿ ಬಂತು ಅಂತ ಸೀದಾ ಕಾರ್ಬಿಮಜೋಲ್ ಚಾಲೂ ಮಾಡೋದಲ್ಲ. ಥೈರಾಯ್ಡಿಟಿಸ್ ಅಂತ ಇನ್ನೊಂದು ಐತಿ, ಬಾಣಂತನ ಆದ ಮ್ಯಾಲೆ ಇಲ್ಲಾ ವೈರಲ್ ಜ್ವರ ಬಂದು ಹೋದ ಮ್ಯಾಲೆ ಗ್ರಂಥಿ ಬಾತು ಒಳಗಿದ್ದ ಹಾರ್ಮೋನ್ ಸೋರತೈತಿ, ರಿಪೋರ್ಟ್ ಹಿಂಗ ಕಾಣತೈತಿ ಆದ್ರ ಅದು ಕೆಲವು ವಾರದಾಗ ತಾನ ಇಳೀತೈತಿ, ಅದಕ್ಕ ಈ ಗುಳಿಗಿ ಕೆಲಸ ಮಾಡೂದಿಲ್ಲ. ಎರಡರಾಗ ಯಾವುದು ಅಂತ ಗೊತ್ತಾಗೋದು ಮ್ಯಾಲೆ ಹೇಳಿದ ಆ ಆಂಟಿಬಾಡಿ ನೋಡೋ ಟಿಆರ್‌ಎಬಿ ಅನ್ನೋ ರಕ್ತದ ಟೆಸ್ಟಿಂದ, ಇಲ್ಲಾ ಸ್ಕ್ಯಾನಿಂದ. ನಮ್ಮ ಡಾಕ್ಟರ್ ಆ ಟೆಸ್ಟ್ ಮಾಡಿಸೇ ಗುಳಿಗಿ ಬರದ್ರು. ನಿಮ್ಮವ್ರು ಆ ಟೆಸ್ಟ್ ಬರೀಲಿಲ್ಲಂದ್ರ ನೀವ ಕೇಳ್ರಿ.

ಇನ್ನ ಗುಳಿಗಿ. ಇದು ಗ್ರಂಥಿ ಹೊಸಾ ಹಾರ್ಮೋನ್ ತಯಾರ ಮಾಡೋದನ್ನ ತಡೀತೈತಿ, ಆದ್ರ ಮೊದಲ ತಯಾರಾಗಿ ಒಳಗ ಕುಂತಿದ್ದಕ್ಕ ಏನೂ ಮಾಡೂದಿಲ್ಲ. ಆ ಸ್ಟಾಕ್ ಖರ್ಚಾಗೋತನಕ ಆರಾಮ ಅನಿಸೂದಿಲ್ಲ, ಮೂರರಿಂದ ಆರು ವಾರ ಹಿಡೀತೈತಿ. ಮೊದಲನೇ ವಾರದಾಗ "ಇದು ನಂಗ ಹತ್ತವಲ್ದು" ಅಂತ ಬಿಡೋ ಮಂದಿ ಅದಾರಂತ, ಬಿಡಬ್ಯಾಡ್ರಿ. ಆ ಹೊತ್ತಿನಾಗ ಎದಿ ಬಡತ, ಕೈ ನಡುಕ ತಡಿಯಾಕ ಪ್ರೊಪ್ರಾನೊಲೋಲ್ ಕೊಡ್ತಾರ, ಅದು ಲಗೂನ ಕೆಲಸ ಮಾಡತೈತಿ, ಆದ್ರ ದಮ್ಮು ಇದ್ದವ್ರು ಮೊದಲ ಡಾಕ್ಟರ್‌ಗೆ ಹೇಳಬೇಕು. ಕಾರ್ಬಿಮಜೋಲ್‌ಗೆ ಖಾಲಿ ಹೊಟ್ಟಿ ನೇಮ ಇಲ್ಲ, ದಿನಾ ಒಂದ ಹೊತ್ತಿಗೆ ತಗೊಂಡ್ರ ಆತು. ಶುರುವಿಗೆ ದೊಡ್ಡ ಡೋಸ್, ಆಮ್ಯಾಲೆ ನಾಕರಿಂದ ಆರು ವಾರಕ್ಕೊಮ್ಮೆ ಟಿ3 ಟಿ4 ನೋಡಿ ಇಳಸಕೋತ ಬರ್ತಾರ. ಟಿಎಸ್‌ಎಚ್ ಮಾತ್ರ ತಿಂಗಳುಗಟ್ಟಲೆ ಏಳೂದಿಲ್ಲ, ಉಳಿದ ಎರಡು ಸರಿ ಇದ್ರ ಅದನ್ನ ನೋಡಿ ಗಾಬರಿ ಆಗಬ್ಯಾಡ್ರಿ.

ತೂಕ ತಿರಗಿ ಬರತೈತಿ, ಕೆಲವ್ರಿಗೆ ಮೊದಲಿಗಿಂತ ಜಾಸ್ತಿನ ಬರತೈತಿ. ನಂಗ ತ್ರಾಸ ಆಗಿದ್ದು ಖರೆ ಆದ್ರ ತೊಡ್ಯಾಗ ಬಲ ಬಂತು, ಮೊನ್ನೆ ಗೋಳಗುಮ್ಮಟದ ಗ್ಯಾಲರಿ ಮಟ ಏರಿ ಮಗಳ ಕೂಡ ಕೂಗಿ ಬಂದೀನಿ, ಆ ಸಂತೋಷ ನಂಗ ಯಾವ ತೂಕದ ಮುಂದೂ ಹೆಚ್ಚಿಂದು.

ಈಗ ಆ ಒಂದು ಸ್ಟಾರ್. ಈ ಗುಳಿಗಿಯಿಂದ ಸಾವಿರದಾಗ ಎರಡರಿಂದ ಐದು ಮಂದಿಗೆ ಬಿಳಿ ರಕ್ತಕಣ ಒಮ್ಮೆಲೆ ಕುಸೀತಾವು, ಬಹಳಷ್ಟು ಮೊದಲ ಮೂರು ತಿಂಗಳದಾಗ, ಆದ್ರ ಆಮ್ಯಾಲೂ ಆಗಬಹುದು. ಕಡಿಮಿ ಮಂದಿಗೆ ಆಗತೈತಿ ಅಂತ ಸಣ್ಣದು ಅಲ್ಲ, ಜೀವಕ್ಕ ಬರತೈತಿ. ನೇಮ ಒಂದ ಐತಿ: ಜ್ವರ ಬಂತು, ಗಂಟಲ ನೋವು ಬಂತು, ಬಾಯಾಗ ಹುಣ್ಣಾತು ಅಂದ್ರ ಗುಳಿಗಿ ನಿಲ್ಲಸಬೇಕು, ಅದ ದಿವಸ ಸಿಬಿಸಿ (ರಕ್ತಕಣ ಎಣಸೋ ಟೆಸ್ಟ್) ಮಾಡಸಬೇಕು, ಸಂಜಿ ಆಗಲಿ ರವಿವಾರ ಆಗಲಿ. ಹೋದ ತಿಂಗಳ ಸಿಬಿಸಿ ಚೊಲೊ ಇತ್ತು ಅನ್ನೋದು ಲೆಕ್ಕಕ್ಕ ಬರೂದಿಲ್ಲ, ಯಾಕಂದ್ರ ಎರಡು ಮೂರು ದಿವಸದಾಗ ಬೀಳಬಹುದು. ನಮ್ಮ ಕಡೆ ಜ್ವರ ಬಂದ್ರ ಓಣಿ ಡಾಕ್ಟರ್ ಕಡೆ ಹೋಗಿ ಒಂದು ಇಂಜೆಕ್ಷನ್ ಹಾಕಸಗೊಂಡು ಬರೋದು ರೂಢಿ, ಅವರಿಗೆ ನೀವು ಕಾರ್ಬಿಮಜೋಲ್ ತಗೋತೀರಿ ಅಂತ ಗೊತ್ತಿರೂದಿಲ್ಲ, ನೀವ ಬಾಯಿ ಬಿಟ್ಟು ಹೇಳ್ಬೇಕು. ನಮ್ಮ ಡಾಕ್ಟರ್ ಇದನ್ನ ಕೆಂಪು ಪೆನ್ನಿಲೆ ಚೀಟಿ ಮ್ಯಾಲೆ ಬರದು, ಮನಿಯವ್ರನ್ನೂ ಒಳಗ ಕರದು ಓದಿಸಿದ್ರು. ಎಲ್ಲಾ ಡಾಕ್ಟರೂ ಇಷ್ಟು ಹೇಳ್ತಾರಂತ ಇಲ್ಲ, ಮತ್ತ ಪಾಕೀಟಿನಾಗ ಸಣ್ಣ ಅಕ್ಷರದಾಗ ಇಂಗ್ಲಿಷಿನಾಗ ಬರದಿದ್ದನ್ನ ನಮ್ಮೂರಾಗ ಎಷ್ಟು ಮಂದಿ ಓದ್ತಾರ? ಕಣ್ಣು ಹಳದಿ ಆಗೋದು, ಮೂತ್ರ ಕಪ್ಪಾಗೋದು ಕಂಡ್ರೂ ಹಂಗ, ಗುಳಿಗಿ ನಿಲ್ಲಿಸಿ ಓಡ್ರಿ. ಮೈ ಕೆರತ ಬ್ಯಾರೆ, ಅದು ನಂಗೂ ಶುರುವಿನಾಗ ಬಂದಿತ್ತು, ಅಲರ್ಜಿ ಗುಳಿಗಿ ಕೊಟ್ರು, ಹೋತು.

ಮೆಡಿಕಲ್ ಅಂಗಡ್ಯಾಗ ಹೆಸರು ಓದಿ ತಗೋರಿ. ಕಾರ್ಬಮಜೆಪಿನ್ ಅಂತ ಫಿಟ್ಸಿನ ಗುಳಿಗಿ ಐತಿ, ಕೇಳಾಕ ಭಾಳ ಹತ್ರ, ಕೈಬರಹದಾಗ ಇನ್ನೂ ಹತ್ರ. ಮಿಗ್ರಾಂ ಸೈತ ನೋಡ್ರಿ, 5, 10, 20 ಮೂರೂ ಬರತಾವು. ಸಣ್ಣ ಊರಾಗ ಸ್ಟಾಕ್ ಇರೂದಿಲ್ಲ, ಮುಗಿಯೋಕಿಂತ ಮೊದಲ ತರಸಗೋರಿ.

ಈಗ ಎಲ್ಲಾರೂ ಕೇಳೋ ಪ್ರಶ್ನೆ, ಗುಳಿಗಿನ ಯಾಕ? ಬ್ಯಾರೆ ಎರಡು ದಾರಿ ಅದಾವು. ಒಂದು ರೇಡಿಯೋ ಅಯೋಡಿನ್, ಕ್ಯಾಪ್ಸೂಲ್ ಇಲ್ಲಾ ನೀರಿನ ರೂಪದಾಗ ಒಮ್ಮೆ ಕೊಡ್ತಾರ, ಗ್ರಂಥಿ ತಿಂಗಳುಗಟ್ಟಲೆ ಸಾವಕಾಶ ಒಣಗತೈತಿ. ರೇಡಿಯೇಶನ್ ಅಂದ ಕೂಡ್ಲೆ ಹೆದರವ್ರಿಗೆ ಹೇಳ್ತೀನಿ, ಇದು 1941ರಿಂದ ಕೊಡಾಕತ್ತಿದ್ದು, ಹೊಸಾ ಪ್ರಯೋಗ ಅಲ್ಲ. ಆದ್ರ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗ ಇದ್ದಲ್ಲಿ ಮಾತ್ರ ಸಿಗತೈತಿ, ಕೆಲವು ದಿವಸ ಸಣ್ಣ ಹುಡುಗ್ರಿಂದ, ಬಸರಿ ಹೆಣಮಕ್ಕಳಿಂದ ದೂರ ಇರಬೇಕು, ಆರು ತಿಂಗಳ ಬಸರಾಗಬಾರ್ದು, ಮತ್ತ ಗ್ರೇವ್ಸಿಂದ ಕಣ್ಣಿಗೆ ತ್ರಾಸ ಇದ್ದವ್ರಿಗೆ ಆ ತ್ರಾಸ ಹೆಚ್ಚಾಗಬಹುದು. ಇನ್ನೊಂದು ಆಪರೇಶನ್, ಗ್ರಂಥಿನ ತಗದ ಬಿಡ್ತಾರ, ಲಗೂನ ಮುಗೀತೈತಿ, ಆದ್ರ ದನಿಯ ನರ, ಕ್ಯಾಲ್ಸಿಯಂ ನೋಡೋ ಸಣ್ಣ ಗ್ರಂಥಿ ಎರಡೂ ಅಲ್ಲೇ ಪಕ್ಕದಾಗ ಇರತಾವು, ದಿನಾ ಅದನ್ನ ಮಾಡೋ ಸರ್ಜನ್ ಇರಬೇಕು. ಆಪರೇಶನ್ ಆದ ಮ್ಯಾಲೆ ಜೀವನಪೂರ್ತಿ ಥೈರಾಕ್ಸಿನ್, ರೇಡಿಯೋ ಅಯೋಡಿನ್ ತಗೊಂಡವ್ರಿಗೂ ಬಹಳಷ್ಟು ಮಂದಿಗೆ ಹಂಗ.

ಕಾರ್ಬಿಮಜೋಲ್ 12ರಿಂದ 18 ತಿಂಗಳ ತಗೊಂಡು ಬಿಟ್ಟವ್ರೊಳಗ ಸುಮಾರು ಅರ್ಧ ಮಂದಿಗೆ ರೋಗ ತಿರಗಿ ಬರತೈತಿ. ಇದನ್ನ ಕೇಳಿ ನಮ್ಮ ಮನಿಯವ್ರು "ಹಂಗಾದ್ರ ಒಮ್ಮೆ ರೇಡಿಯೋ ಅಯೋಡಿನ್ ಕುಡದು ಮುಗಿಸಿ ಬಿಡು" ಅಂದ್ರು. ನನ್ನ ಲೆಕ್ಕ ಬ್ಯಾರೆ ಇತ್ತು. ಅರ್ಧ ಮಂದಿಗೆ ಬರೂದಿಲ್ಲ ಅಲ್ಲ? ಗುಳಿಗಿ ತಗೊಂಡ್ರ ಗ್ರಂಥಿ ಉಳೀತೈತಿ, ಮುಂದ ಬೇಕಾದ್ರ ಉಳಿದ ಎರಡು ದಾರಿ ತೆರದ ಇರತಾವು, ಆ ಎರಡರಾಗ ಒಂದನ್ನ ಮೊದಲ ಮಾಡಿದ್ರ ಹಿಂದ ಬರಾಕ ದಾರಿ ಇಲ್ಲ. ಗಂಟಲದಾಗ ದೊಡ್ಡ ಗಡ್ಡಿ ಇದ್ದವ್ರಿಗೆ, ಟಿಆರ್‌ಎಬಿ ಭಾಳ ಹೆಚ್ಚಿದ್ದವ್ರಿಗೆ, ಸಿಗರೇಟ್ ಸೇದವ್ರಿಗೆ ತಿರಗಿ ಬರೋ ಸಂಭವ ಜಾಸ್ತಿ, ಅವರು ಡಾಕ್ಟರ್ ಜೋಡಿ ಕುಂತು ಬ್ಯಾರೆ ಲೆಕ್ಕ ಹಾಕಬೇಕಾಗತೈತಿ. ಮಕ್ಕಳು ಬೇಕಂತ ಇದ್ದವ್ರು ಅದನ್ನ ಮೊದಲ ಭೇಟಿಯಾಗ ಹೇಳ್ರಿ, ನಾಚಿಕೊಬ್ಯಾಡ್ರಿ, ಈ ಗುಳಿಗಿ ಬಸರಿನ ಮೊದಲ ಮೂರು ತಿಂಗಳದಾಗ ಕೂಸಿಗೆ ತೊಂದ್ರೆ ಮಾಡಬಹುದು, ಅವಾಗ ಬ್ಯಾರೆ ಗುಳಿಗಿ ಇಲ್ಲಾ ಬ್ಯಾರೆ ದಾರಿ ನೋಡ್ತಾರ.

ನನ್ನ ಕಣ್ಣು ಸ್ವಲ್ಪ ಮುಂದ ಬಂದಾವು, ಬಿಸಲಿಗೆ ನೀರು ಸುರೀತಾವು. ಮನ್ಯಾಗ ಯಾರ ಬೀಡಿ ಸಿಗರೇಟ್ ಹೊಗಿನೂ ಬ್ಯಾಡ ಅಂತ ಡಾಕ್ಟರ್ ಕಟ್ಟುನಿಟ್ಟಾಗಿ ಹೇಳ್ಯಾರ, ಮಾವನೋರು ಅವತ್ತಿಂದ ಅಂಗಳಕ್ಕೂ ತರಲಿಲ್ಲ. ಈ ಕಣ್ಣಿನ ಸಲುವಾಗಿನ, ರೋಗ ತಿರಗಿ ಬಂದ್ರ ನಾ ರೇಡಿಯೋ ಅಯೋಡಿನ್ ಬಿಟ್ಟು ಆಪರೇಶನ್‌ಗೆ ಹೋಗ್ತೀನಿ ಅಂತ ಡಾಕ್ಟರ್‌ಗೆ ಈಗ್ಲೇ ಹೇಳಿಟ್ಟೀನಿ, ಮನಿಯವ್ರೂ ಒಪ್ಯಾರ. ಟಿಆರ್‌ಎಬಿ ಇಳದಿದ್ರ ಗುಳಿಗಿ ನಿಲ್ಲಿಸಿ ನೋಡೋದು, ಇನ್ನೂ ಹೆಚ್ಚಿದ್ರ ಸಣ್ಣ ಡೋಸಿನಾಗ ಮತ್ತೊಂದು ವರ್ಷ ಮುಂದವರಸೋದು ಅಂತ ಡಾಕ್ಟರ್ ಹೇಳ್ಯಾರ. ಆ ಟೆಸ್ಟ್ ದೀಪಾವಳಿ ಆದ ಮ್ಯಾಲೆ ಐತಿ, ಅಲ್ಲೀಮಟ ದಿನಕ್ಕ 5 ಮಿಗ್ರಾಂದು ಒಂದು ಗುಳಿಗಿ.