ಟ್ರೋಕಾರ್ ಕೊಳ್ಳುವಾಗ ಮೊನೆ ನೋಡಬೇಕಾ, ವಾಲ್ವ್ ನೋಡಬೇಕಾ?

ಟ್ರೋಕಾರ್ ಅಂದರೆ ಕ್ಯಾಮೆರಾ ಹಾಕಿ ಮಾಡುವ ಹೊಟ್ಟೆಯ ಆಪರೇಷನ್‌ಗೆ ತೂತು ಮಾಡುವ ಉಪಕರಣ: ಒಳಗೆ ಮೊನೆಯ ಸಲಾಕೆ, ಹೊರಗೆ ಕೊಳವೆ. ಅದನ್ನು ಮಾರಲು ಬರುವವರು ಮೊದಲು ತೋರಿಸುವುದು ಅದರ ಮೊನೆ. ಫೋಮಿನ ತುಂಡಿಗೆ ಚುಚ್ಚಿ, "ನೋಡಿ ಸರ್, ಎಷ್ಟು ಸಲೀಸು" ಅಂತಾರೆ. ಆದರೆ ಮೊನೆಗೆ ಕೆಲಸ ಇರುವುದು ಅರ್ಧ ನಿಮಿಷ. ಒಳಗೆ ಹೋದ ಕೂಡಲೇ ಅದನ್ನು ಎಳೆದು ಟ್ರಾಲಿ ಮೇಲೆ ಇಟ್ಟುಬಿಡುತ್ತೇವೆ. ಆಮೇಲೆ ಆಪರೇಷನ್ ಮುಗಿಯುವವರೆಗೂ ಹೊಟ್ಟೆಯಲ್ಲಿ ಕೂರುವುದು ಹೊರಗಿನ ಕೊಳವೆ, ಅಂದರೆ ಕ್ಯಾನ್ಯುಲಾ. ಆಪರೇಷನ್ ಆರಾಮಾಗಿ ನಡೆಯುತ್ತಾ ಇಲ್ಲಾ ಗೋಳಾಗುತ್ತಾ ಅನ್ನುವುದು ಅದರ ವಾಲ್ವ್, ತೂಕ, ಉದ್ದ, ಹಿಡಿತದ ಮೇಲೆ ನಿಂತಿದೆ. ಅದರ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ. ರಾಯಚೂರಿನಲ್ಲಿ ಪಿತ್ತಕೋಶ, ಅಪೆಂಡಿಕ್ಸ್, ಹರ್ನಿಯಾ ಮಾಡಿಕೊಂಡಿರುವ ಸರ್ಜನ್ ನಾನು. ಬೇರೆಬೇರೆ ನಮೂನೆಯವನ್ನು ಬಳಸಿ ನೋಡಿದ ಮೇಲೆ ಅನ್ನಿಸಿದ್ದನ್ನು ಇಲ್ಲಿ ಬರೆದಿದ್ದೇನೆ.

ಹೊಸಬರಿಗೆ ಎರಡು ಮಾತು. ಲ್ಯಾಪ್ರೋಸ್ಕೋಪಿಯಲ್ಲಿ, ಅಂದರೆ ನಮ್ಮ ಕಡೆಯ ಹಳ್ಳಿಯವರು ಹೇಳುವ ದುರ್ಬೀನ್ ಆಪರೇಷನ್‌ನಲ್ಲಿ, ಹೊಟ್ಟೆಯೊಳಗೆ ಕಾರ್ಬನ್ ಡೈಆಕ್ಸೈಡ್ ತುಂಬಿ ಉಬ್ಬಿಸುತ್ತೇವೆ. ಒತ್ತಡ ಸಾಮಾನ್ಯವಾಗಿ 12ರಿಂದ 15 ಮಿ.ಮೀ. ಪಾದರಸ. ಕ್ಯಾಮೆರಾಗೆ 10 ಮಿ.ಮೀ. ತೂತು, ಕೈ ಉಪಕರಣಗಳಿಗೆ ಹೆಚ್ಚಾಗಿ 5 ಮಿ.ಮೀ. ಉಪಕರಣ ಒಳಗೆ ಹೋಗಬೇಕು, ಹೊರಗೆ ಬರಬೇಕು, ಗ್ಯಾಸ್ ಮಾತ್ರ ಹೊರಗೆ ಬರಬಾರದು. ಕ್ಯಾನ್ಯುಲಾದಿಂದ ಕೇಳುವುದು ಇಷ್ಟೇ. ಮುಂಬೈಯ ಜೆ.ಜೆ. ಆಸ್ಪತ್ರೆಯಲ್ಲಿ ಡಾ. ತೆಹಮ್‌ಟನ್ ಉದ್ವಾಡಿಯಾ 1990ರಲ್ಲಿ ದೇಶದಲ್ಲೇ ಮೊದಲ ಸಲ ಈ ರೀತಿ ಪಿತ್ತಕೋಶ ತೆಗೆದರು. ಅಲ್ಲಿಂದೀಚೆಗೆ ಕ್ಯಾಮೆರಾ, ಮಾನಿಟರ್ ಎಲ್ಲ ಎಷ್ಟೋ ಬದಲಾದವು. ನಮ್ಮ ಕಡೆಯ ಸಣ್ಣ ಆಸ್ಪತ್ರೆಗಳ ಟ್ರೇ ತೆಗೆದರೆ ಇವತ್ತಿಗೂ ಜಾಸ್ತಿ ಕಾಣುವುದು ಸ್ಟೀಲ್ ಟ್ರೋಕಾರೇ.

ಆ ಸ್ಟೀಲ್‌ನಲ್ಲಿ ಹಳೆಯದು ಟ್ರಂಪೆಟ್ ವಾಲ್ವ್. ತಲೆಯ ಮೇಲೆ ಒಂದು ಗುಂಡಿ, ಕೆಳಗೆ ಸ್ಪ್ರಿಂಗ್, ನಡುವೆ ತೂತಿರುವ ಪಿಸ್ಟನ್. ಗುಂಡಿ ಒತ್ತಿದರೆ ದಾರಿ ಬಿಡುತ್ತದೆ, ಬಿಟ್ಟರೆ ಮುಚ್ಚಿಕೊಳ್ಳುತ್ತದೆ. ಗಟ್ಟಿಮುಟ್ಟು, ಎಲ್ಲ ಬಿಡಿಭಾಗ ಬಿಚ್ಚಬಹುದು, ಬಿಸಿ ಹಬೆಯಲ್ಲಿ ಕ್ರಿಮಿ ಕೊಲ್ಲುವ ಆಟೋಕ್ಲೇವ್‌ಗೆ ಹಾಕಬಹುದು. ವರ್ಷಗಟ್ಟಲೆ ಬಾಳುತ್ತದೆ. ತೊಂದರೆ ಏನಂದರೆ ಪ್ರತಿ ಸಲ ಉಪಕರಣ ಬದಲಿಸುವಾಗಲೂ ಹೆಬ್ಬೆರಳಿನಿಂದ ಗುಂಡಿ ಒತ್ತಲೇಬೇಕು. ಹುಕ್ ತೆಗಿ, ಗ್ರಾಸ್ಪರ್ ಕೊಡು, ಕತ್ತರಿ ಕೊಡು, ಸಕ್ಷನ್ ಕೊಡು ಅನ್ನುವ ಗಡಿಬಿಡಿಯಲ್ಲಿ ಒತ್ತುವುದು ತಪ್ಪುತ್ತದೆ. ಹುಕ್ ಅಂದರೆ ಕರೆಂಟಿನಿಂದ ಸುಟ್ಟು ಕೊಯ್ಯುವ ಉಪಕರಣ. ಗುಂಡಿ ಒತ್ತದಿದ್ದಾಗ ಪಿಸ್ಟನ್ನಿನ ಅಂಚು ಹುಕ್‌ನ ಮೇಲಿರುವ ಕಪ್ಪು ಇನ್ಸುಲೇಷನ್, ಅಂದರೆ ಕರೆಂಟ್ ತಡೆಯುವ ಹೊದಿಕೆ, ಕೆರೆಯುತ್ತದೆ. ನಿಮ್ಮಲ್ಲಿ ಈ ವಾಲ್ವ್ ಇದ್ದರೆ ಒಮ್ಮೆ ಬಿಚ್ಚಿ, ಬಿಳಿ ಗಾಜ್ ಬಟ್ಟೆಯಲ್ಲಿ ಒಳಗೆ ಒರೆಸಿ ನೋಡಿ. ಕೂದಲೆಳೆಯಷ್ಟು ತೆಳ್ಳಗಿನ ಕಪ್ಪು ಚೂರುಗಳು ಬಟ್ಟೆಗೆ ಅಂಟಿ ಬರುತ್ತವೆ. ಅವೆಲ್ಲ ಹುಕ್‌ನಿಂದ ಎದ್ದು ಬಂದ ಇನ್ಸುಲೇಷನ್. ಅದು ಕಿತ್ತ ಜಾಗದಿಂದ ಕರೆಂಟ್ ಕರುಳಿಗೆ ತಾಗಬಹುದು, ಅದೂ ಕ್ಯಾಮೆರಾಗೆ ಕಾಣದ ಕಡೆ. ಸುಟ್ಟಿದ್ದು ಗೊತ್ತಾಗುವುದು ಎಷ್ಟೋ ಸಲ ಕೆಲವು ದಿನ ಕಳೆದು, ಹೊಟ್ಟೆ ನೋವು, ಜ್ವರ ಬಂದಾಗ. ನನ್ನ ಮಟ್ಟಿಗೆ ಟ್ರಂಪೆಟ್ ವಾಲ್ವ್ ಬೇಡ ಅನ್ನಲು ಇದೊಂದೇ ಕಾರಣ ಸಾಕು.

ಎರಡನೆಯದು ಫ್ಲ್ಯಾಪ್ ವಾಲ್ವ್ ಇರುವ ಸ್ಟೀಲ್ ಕ್ಯಾನ್ಯುಲಾ. ಒಳಗೆ ಸಣ್ಣ ಮುಚ್ಚಳ, ಉಪಕರಣ ತಳ್ಳಿದರೆ ತಾನೇ ತೆರೆಯುತ್ತದೆ, ತೆಗೆದರೆ ತಾನೇ ಮುಚ್ಚುತ್ತದೆ. ಹೆಬ್ಬೆರಳಿಗೆ ಬಿಡುವು. ಇದಕ್ಕೂ ಅದರದ್ದೇ ಕಾಟ ಇದೆ. ಮುಚ್ಚಳಕ್ಕೆ ರಕ್ತ ಮೆತ್ತಿದ್ದರೆ ಕ್ಯಾಮೆರಾ ಹೋಗುವಾಗೆಲ್ಲ ಲೆನ್ಸ್ ಮಂಜಾಗುತ್ತದೆ. ಹೊರಗೆ ತೆಗಿ, ಬಿಸಿನೀರಲ್ಲಿ ಅದ್ದು, ಒರೆಸು, ಮತ್ತೆ ಹಾಕು, ಮತ್ತೆ ಮಂಜು. ಲೆನ್ಸ್ ಒರೆಸಿದರೆ ಸಾಲದು, ವಾಲ್ವ್‌ನ ಒಳಗನ್ನೂ ಒರೆಸಬೇಕು. ನಾಳಕ್ಕೆ ಹಾಕುವ ಕ್ಲಿಪ್ ಕಚ್ಚಿಕೊಂಡಿರುವ ಅಪ್ಲೈಯರ್ ಮುಚ್ಚಳಕ್ಕೆ ತಾಗಿದರೆ ಕ್ಲಿಪ್ ಬಿದ್ದುಹೋಗುತ್ತದೆ. ಹಾಗಾಗಿ ಕ್ಯಾನ್ಯುಲಾದ ಪಕ್ಕದಲ್ಲಿರುವ, ಮುಚ್ಚಳ ತೆರೆಯುವ ಸಣ್ಣ ಹಿಡಿಕೆಯನ್ನು ಎತ್ತಿ ಹಿಡಿದೇ ಒಳಗೆ ಬಿಡಬೇಕು. ಆ ಹಿಡಿಕೆ ಇಲ್ಲದ ಮಾಡೆಲ್ ಕೊಳ್ಳಲೇಬೇಡಿ.

ಮೂರನೆಯದು ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್, ಬ್ಲೇಡ್ ಇಲ್ಲದ್ದು. ಮೊನೆ ಪಾರದರ್ಶಕ. ಕ್ಯಾಮೆರಾ ಅದರೊಳಗೇ ಇಟ್ಟು, ಕೊಬ್ಬು, ಬಿಳಿ ಪೊರೆ, ಸ್ನಾಯು ಒಂದೊಂದೇ ಪದರ ಬಿಚ್ಚಿಕೊಳ್ಳುವುದನ್ನು ನೋಡುತ್ತ ಇಳಿಸಬಹುದು. ಇದು ಸ್ನಾಯುವನ್ನು ಕೊಯ್ಯುವುದಿಲ್ಲ, ಸರಿಸಿ ದಾರಿ ಮಾಡಿಕೊಳ್ಳುತ್ತದೆ. ಮೂರು ಅಂಚಿನ ಪಿರಮಿಡ್ ಮೊನೆಯ ಸ್ಟೀಲ್ ಆದರೆ ಕೊಯ್ದುಕೊಂಡೇ ಹೋಗುತ್ತದೆ. ಅದಕ್ಕೆ ಕಡಿಮೆ ಬಲ ಸಾಕು, ಆದರೆ ತೂತಿನ ಅಂಚಲ್ಲಿ ರಕ್ತ ಜಾಸ್ತಿ. ಪ್ಲಾಸ್ಟಿಕ್‌ನ ಸಿಲಿಕಾನ್ ಸೀಲ್ ಬಗ್ಗೆ ಮಾತ್ರ ಬಾಯ್ತುಂಬ ಹೊಗಳಬೇಕು. ಉಪಕರಣ ನುಣ್ಣಗೆ ಓಡಾಡುತ್ತದೆ. 12 ಮಿ.ಮೀ. ಕ್ಯಾನ್ಯುಲಾದಲ್ಲಿ 5ರ ಉಪಕರಣ ಹಾಕಿದರೂ ಸೋರುವುದಿಲ್ಲ, ಬಾಯಿ ಕಿರಿದು ಮಾಡುವ ರೆಡ್ಯೂಸರ್ ಹುಡುಕುವ ಕೆಲಸವೇ ಇಲ್ಲ. ತಲೆ ಹಗುರ.

ಬೆಲೆ ಕೇಳಿದರೆ ಸುಮ್ನಾಗಬೇಕು. ಒಂದು ಪಿತ್ತಕೋಶಕ್ಕೆ ಸಾಮಾನ್ಯವಾಗಿ ನಾಲ್ಕು ತೂತು. ನಾಲ್ಕಕ್ಕೂ ಹೊಸ ಪ್ಲಾಸ್ಟಿಕ್ ಹಾಕಿದರೆ ದೇವದುರ್ಗದಿಂದ ಬಂದ ಹತ್ತಿ ಬಿಡಿಸುವ ಹೆಣ್ಣುಮಗಳ ಬಿಲ್ಲು ಎಲ್ಲಿಗೆ ಮುಟ್ಟುತ್ತದೆ? ಇಲ್ಲಿಂದಲೇ ಶುರುವಾಗುತ್ತದೆ ಆ ಹಳೇ ಚಾಳಿ: ಬಿಸಾಡಬೇಕಾದ್ದನ್ನು ತೊಳೆದು, ಕ್ರಿಮಿ ಕೊಲ್ಲುವ ಇಟಿಒ (ಎಥಿಲೀನ್ ಆಕ್ಸೈಡ್) ಗ್ಯಾಸ್ ಹೊಡೆಸಿ, ಮತ್ತೆ ಬಳಸುವುದು. ಪ್ಯಾಕೆಟ್ ಮೇಲೆ 2ಕ್ಕೆ ಗೀಟು ಹಾಕಿದ ಗುರುತು, ಅಂದರೆ ಎರಡನೇ ಸಲ ಬಳಸಬೇಡಿ ಅನ್ನುವುದು, ಸುಮ್ಮನೆ ಇರುವುದಲ್ಲ. ಸಿಲಿಕಾನ್ ತುಟಿ ಸೀಳಿರುತ್ತದೆ, ಒಳಗಿನ ಮಡಿಕೆಯಲ್ಲಿ ಏನು ಉಳಿದಿದೆ ಅಂತ ಬಿಚ್ಚಿ ನೋಡುವ ಹಾಗೂ ಇಲ್ಲ. ನಾನು ಅದನ್ನು ಒಪ್ಪುವುದಿಲ್ಲ.

ತೊಳೆಯುವ ಮಾತು ಬಂದಿದ್ದಕ್ಕೆ ನಮ್ಮ ನೀರಿನ ಕಥೆ ಹೇಳಲೇಬೇಕು. ಇಲ್ಲಿಯ ಬೋರ್ ನೀರು ಸವಳು. ಅದರಲ್ಲಿ ತೊಳೆದ ಸ್ಟೀಲ್ ಕ್ಯಾನ್ಯುಲಾ ಒಣಗಿದ ಮೇಲೆ ಬಿಳಿ ಕರೆ ಕಟ್ಟುತ್ತದೆ. ಕೊಳವೆಯ ಮೇಲಾದರೆ ಒರೆಸಬಹುದು. ಸ್ಪ್ರಿಂಗ್ ಸುತ್ತ, ಮುಚ್ಚಳದ ಕೀಲಿನ ಹತ್ತಿರ, ಗ್ಯಾಸ್ ನಲ್ಲಿಯ ತಿರುಪಿನಲ್ಲಿ ಕೂತರೆ ವಾಲ್ವ್ ಅರ್ಧ ತೆರೆದೇ ನಿಲ್ಲುತ್ತದೆ. ಆಪರೇಷನ್ ನಡುವೆ ನಮ್ಮ ಆಪರೇಷನ್ ಥಿಯೇಟರಿನ (ಓಟಿ) ಸಿಸ್ಟರ್, "ಸರ, ಗ್ಯಾಸ್ ಸೋರಾಕತ್ತೈತ್ರಿ, ಸಿಲಿಂಡರ್ ಇಳಿಯಾಕತ್ತೈತಿ" ಅನ್ನುತ್ತಿದ್ದುದು ಹೆಚ್ಚಾಗಿ ಇದೇ ಕಾರಣಕ್ಕೆ. ಈಗ ಕೊನೆಯ ಸುತ್ತಿನ ತೊಳೆಯುವುದು ಡಿಸ್ಟಿಲ್ಡ್ ನೀರಿನಲ್ಲೇ.

ಕರೆಗಿಂತ ದೊಡ್ಡ ವಿಷಯ ಇನ್ನೊಂದಿದೆ. ಗ್ಲುಟರಾಲ್ಡಿಹೈಡ್ ಅನ್ನುವ ಕ್ರಿಮಿನಾಶಕ ದ್ರಾವಣದಲ್ಲಿ 20 ನಿಮಿಷ ಮುಳುಗಿಸಿ, ನಲ್ಲಿ ನೀರಲ್ಲಿ ಜಾಲಿಸಿ ಬಳಸುವ ಪದ್ಧತಿ ಎಷ್ಟೋ ಕಡೆ ಇತ್ತು. ಅಷ್ಟು ಹೊತ್ತಿಗೆ ಪೂರ್ತಿ ಸ್ಟೆರಿಲ್ ಆಗುವುದಿಲ್ಲ, ಅದಕ್ಕೆ 10 ಗಂಟೆಯಾದರೂ ಬೇಕು. ನೀರಿನಲ್ಲಿರುವ ಟಿಬಿಯ ದಾಯಾದಿ ಮೈಕೋಬ್ಯಾಕ್ಟೀರಿಯಾಗಳು ಇಂಥ ಉಪಕರಣದ ಸಂದಿಯಲ್ಲಿ ಕೂತು ತೂತಿನ ಜಾಗಕ್ಕೆ ಇಳಿಯುತ್ತವೆ. ಗಾಯ ಮಾಗಿ, ಹೊಲಿಗೆ ಬಿಚ್ಚಿ, ರೋಗಿ ಊರಿಗೆ ಹೋಗಿ ಮೂರು-ನಾಲ್ಕು ವಾರದ ಮೇಲೆ ಅಲ್ಲೊಂದು ಗಂಟು, ಅದರಿಂದ ಕೀವು. ಮಾಮೂಲಿ ಆಂಟಿಬಯೋಟಿಕ್‌ಗೆ ಜಗ್ಗುವುದಿಲ್ಲ. ತಿಂಗಳುಗಟ್ಟಲೆ ಔಷಧಿ. ಆದ್ದರಿಂದ ಕ್ಯಾನ್ಯುಲಾ ಪೂರ್ತಿ ಬಿಚ್ಚಲು ಬರುತ್ತಾ, 121 ಡಿಗ್ರಿಯ ಆಟೋಕ್ಲೇವ್ ತಡೆಯುತ್ತಾ ಅನ್ನುವುದು ನನ್ನ ಪಟ್ಟಿಯಲ್ಲಿ ಮೊನೆಗಿಂತ ಮೇಲೆ.

ಮೊನೆ ಮುಖ್ಯವೇ ಅಲ್ವಾ ಅಂತ ಕೇಳಿದರೆ, ಮೊದಲ ತೂತಿಗೆ ಮಾತ್ರ ಮುಖ್ಯ. ಉಳಿದವನ್ನು ಕ್ಯಾಮೆರಾದಲ್ಲಿ ನೋಡಿಕೊಂಡೇ ಹಾಕುತ್ತೇವೆ. ಮೊದಲನೆಯದು ಸಾಮಾನ್ಯವಾಗಿ ಹೊಕ್ಕುಳಲ್ಲಿ, ಕಾಣದೆ ಹಾಕುವುದು. ಮಹಾಧಮನಿ ಎರಡಾಗಿ ಒಡೆಯುವುದೂ ಸುಮಾರು ಅದೇ ಮಟ್ಟದಲ್ಲಿ. ಸಣಕಲು ಮೈಯವರಲ್ಲಿ ಹೊಟ್ಟೆಯ ಗೋಡೆಗೂ ಅದಕ್ಕೂ ಎರಡು ಸೆಂ.ಮೀ. ಅಂತರವಷ್ಟೇ ಇರಬಹುದು. ಇದಕ್ಕಾಗಿಯೇ ಒಂದು ಕಾಲಕ್ಕೆ ಒಳಗೆ ಹೋದ ಕೂಡಲೇ ಬ್ಲೇಡನ್ನು ಮುಚ್ಚುವ ಸ್ಪ್ರಿಂಗ್ ಕವಚದ ಟ್ರೋಕಾರ್‌ಗಳು ಬಂದವು, ಸುರಕ್ಷಿತ ಅನ್ನುವ ಹೆಸರಿನಲ್ಲಿ ಮಾರಾಟವಾದವು. ಗಾಯ ಕಡಿಮೆಯಾಗುತ್ತದೆ ಅನ್ನಲು ಪುರಾವೆ ಇಲ್ಲ, ಆ ಮಾತನ್ನು ಲೇಬಲ್‌ನಿಂದ ತೆಗೆಯಿರಿ ಎಂದು ಅಮೆರಿಕದ ಔಷಧ, ವೈದ್ಯಕೀಯ ಉಪಕರಣಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 1996ರಲ್ಲಿ ತಯಾರಕರಿಗೆ ಹೇಳಿತು. ನಾನೂ ಬಳಸಿ ನೋಡಿದ್ದೇನೆ. ಕವಚ ಮುಂದೆ ಬರಲು ಅರೆಕ್ಷಣ ಬೇಕು, ಅಷ್ಟರಲ್ಲಿ ಮೊನೆ ಎಲ್ಲಿ ಮುಟ್ಟಬಾರದೋ ಅಲ್ಲಿ ಮುಟ್ಟಿರುತ್ತದೆ.

ಮೊದಲ ತೂತಿಗೆ ನನಗೆ ಹಿಡಿಸಿದ್ದು ಹ್ಯಾಸನ್ ಕ್ಯಾನ್ಯುಲಾ. ಡಾ. ಹ್ಯಾರಿತ್ ಹ್ಯಾಸನ್ 1971ರಲ್ಲಿ ಪರಿಚಯಿಸಿದ್ದು. ಇದಕ್ಕೆ ಮೊನೆಯೇ ಇಲ್ಲ, ತುದಿ ಮೊಂಡು. ಹೊಕ್ಕುಳ ಹತ್ತಿರ ಸಣ್ಣದಾಗಿ ಕೊಯ್ದು, ಪದರ ಪದರ ನೋಡಿ ತೆರೆದು, ಬೆರಳು ಹಾಕಿ ಖಾತ್ರಿ ಮಾಡಿಕೊಂಡು ಇಳಿಸುವುದು. ಸಂದಿಯನ್ನು ಕ್ಯಾನ್ಯುಲಾದ ಮೇಲಿನ ಶಂಕುವಿನಾಕಾರದ ಬಿರಡೆ ಮುಚ್ಚುತ್ತದೆ, ಹೊಲಿಗೆ ದಾರ ಹಿಡಿದಿಡುತ್ತದೆ. ಹಳೇ ಆಪರೇಷನ್ ಆದ ಹೊಟ್ಟೆ, ತೀರಾ ತೆಳ್ಳಗಿನವರು, ಇಬ್ಬರಿಗೂ ನಾನು ಇದನ್ನೇ ಹಾಕುವುದು. ದಪ್ಪ ಹೊಟ್ಟೆಯಲ್ಲಿ ಕೊಬ್ಬಿನ ಬಾವಿಯೊಳಗೆ ಪೊರೆ ಹುಡುಕುವುದು ಸಾಕುಸಾಕಾಗುತ್ತದೆ. ಅಂಥವರಿಗೆ ವೆರೆಸ್ ಸೂಜಿಯಿಂದ ಮೊದಲು ಗ್ಯಾಸ್ ತುಂಬಿಕೊಂಡು ಪಾರದರ್ಶಕ ಮೊನೆಯದನ್ನು ಹಾಕುತ್ತೇನೆ. ಅಂದಹಾಗೆ, ಹಂಗೆರಿಯ ವೈದ್ಯ ಯಾನೋಷ್ ವೆರೆಸ್ 1930ರ ದಶಕದಲ್ಲಿ ಆ ಸೂಜಿ ಮಾಡಿದ್ದು ಹೊಟ್ಟೆಗಲ್ಲ, ಟಿಬಿ ರೋಗಿಗಳ ಎದೆಗೂಡಿಗೆ ಗಾಳಿ ತುಂಬಲು.

ಹಿಡಿತದ ಲೆಕ್ಕವೂ ಮೈಯಿಂದ ಮೈಗೆ ಬೇರೆ. ಸಿಂಧನೂರು ಕಡೆಯ ಸಾಹುಕಾರರ ಹೊಟ್ಟೆಗೆ ಮಾಮೂಲಿ 100 ಮಿ.ಮೀ. ಉದ್ದ ಕೆಲವೊಮ್ಮೆ ಸಾಲುವುದೇ ಇಲ್ಲ, 150ರದ್ದು ಬೇಕಾಗುತ್ತದೆ. ಕೂಲಿ ಮಾಡುವ ಸಣಕಲು ಹೆಂಗಸರಲ್ಲಿ ಉಲ್ಟಾ. ಗೋಡೆ ತೆಳ್ಳಗೆ, ಸ್ಟೀಲ್ ತಲೆ ಭಾರ, ಮೇಲಿಂದ ಗ್ಯಾಸ್ ಪೈಪಿನ ಎಳೆತ. ಗ್ರಾಸ್ಪರ್ ಹೊರಗೆ ಎಳೆಯುವಾಗ ಕ್ಯಾನ್ಯುಲಾವೂ ಜೊತೆಗೇ ಬಂದುಬಿಡುತ್ತದೆ. ತಿರುಪು ಗೆರೆ ಇರುವ ಕ್ಯಾನ್ಯುಲಾ ಕಚ್ಚಿ ಹಿಡಿಯುತ್ತದೆ, ಬದಲಿಗೆ ತೂತು ತುಸು ಹಿಗ್ಗುತ್ತದೆ. 5ರಲ್ಲಿ ಪರವಾಗಿಲ್ಲ. 10 ಮತ್ತು ಮೇಲ್ಪಟ್ಟ ತೂತನ್ನು ಬ್ಲೇಡ್ ಇರಲಿ ಬಿಡಲಿ, ನಾನು ಒಳಗಿನ ಬಿಳಿ ಪೊರೆಗೆ ಹೊಲಿಗೆ ಹಾಕಿಯೇ ಮುಚ್ಚುವುದು. ಇಲ್ಲದಿದ್ದರೆ ಅಲ್ಲೇ ಹರ್ನಿಯಾ. ಜಾರುವುದಕ್ಕೆ ಅರ್ಧ ಕಾರಣ ಚರ್ಮದ ಕೊಯ್ತವೂ ಹೌದು. ಕ್ಯಾನ್ಯುಲಾದ ಬಾಯಿಯನ್ನು ಚರ್ಮದ ಮೇಲೆ ಒತ್ತಿ, ಮೂಡಿದ ಉಂಗುರದ ಅಳತೆಗೇ ಕೊಯ್ದರೆ ದೊಡ್ಡದೂ ಆಗುವುದಿಲ್ಲ, ಬಿಗಿಯೂ ಆಗುವುದಿಲ್ಲ. ಬಿಗಿಯಾದರೆ ಇನ್ನೂ ಕಷ್ಟ. ಜೋರಾಗಿ ತಳ್ಳುತ್ತೀರಿ, ಒಮ್ಮೆಲೇ ಒಳಗೆ ನುಗ್ಗುತ್ತದೆ.

ಸ್ಟೀಲ್ ಕೊಳವೆಗೆ ಪ್ಲಾಸ್ಟಿಕ್ ಕಾಲರ್ ಹಾಕಿ ಈ ಜಾರುವ ಕಾಟ ತಪ್ಪಿಸುವ ಮಾಡೆಲ್ ಕೂಡ ಬರುತ್ತದೆ. ಅದು ಬೇಡ. ಪೂರ್ತಿ ಸ್ಟೀಲ್ ಆದರೆ ಹುಕ್‌ನಿಂದ ಕೊಳವೆಗೆ ಹಾರಿದ ಅಷ್ಟಿಷ್ಟು ಕರೆಂಟ್ ಹೊಟ್ಟೆಯ ಗೋಡೆಗೆ ಹರಡಿ ಹೋಗುತ್ತದೆ. ಪೂರ್ತಿ ಪ್ಲಾಸ್ಟಿಕ್ ಆದರೆ ಕೊಳವೆಗೆ ಕರೆಂಟ್ ಬರುವ ಪ್ರಶ್ನೆಯೇ ಇಲ್ಲ. ಎರಡನ್ನೂ ಬೆರೆಸಿದರೆ ಕರೆಂಟ್ ಗೋಡೆಗೆ ಹೋಗುವ ದಾರಿಯನ್ನು ಕಾಲರ್ ತಡೆಯುತ್ತದೆ, ಆ ಕರೆಂಟ್ ಪಕ್ಕದಲ್ಲಿ ತಾಗಿದ ಕರುಳನ್ನು ಸುಡಬಹುದು.

ಯಾವುದೇ ಮಾಡೆಲ್ ಬರಲಿ, ಕೊಳ್ಳುವ ಮೊದಲು ನಾನು ಮಾಡುವ ಪರೀಕ್ಷೆ ಸೈಕಲ್ ಪಂಕ್ಚರ್ ಅಂಗಡಿಯದೇ. ಕ್ಯಾನ್ಯುಲಾದ ಕೆಳಬಾಯಿಗೆ ಗ್ಲೌಸಿನ ಬೆರಳು ಕಟ್ಟಿ, ಗ್ಯಾಸ್ ಪೈಪ್ ಜೋಡಿಸಿ, ಒತ್ತಡ 12ಕ್ಕೆ ಇಟ್ಟು ತಲೆಯನ್ನು ಬೇಸಿನ್ ನೀರಿನಲ್ಲಿ ಮುಳುಗಿಸುವುದು. ಮೊದಲು ಬರಿದಾಗಿ, ಆಮೇಲೆ 5ರ ಉಪಕರಣ ಹಾಕಿ, ಆಮೇಲೆ ಅದನ್ನು ಓರೆಯಾಗಿ ಒತ್ತಿ. ಹೊಸ ಸ್ಟೀಲ್‌ಗಳು ಬರಿದಾಗಿ ಪಾಸಾಗುತ್ತವೆ, ಓರೆ ಮಾಡಿದಾಗ ಗುಳ್ಳೆ ಬಿಡುತ್ತವೆ. ಮೇಲ್ಬಾಯಿಗೆ ಹಾಕುವ ರಬ್ಬರ್ ಟೋಪಿ ಹಳತಾದಷ್ಟೂ ಗುಳ್ಳೆ ಜಾಸ್ತಿ. ಪ್ಲಾಸ್ಟಿಕ್ ಮೂರರಲ್ಲೂ ಪಾಸು.

ಈಗ ನನ್ನ ಟ್ರೇಯಲ್ಲಿ ಹೊಕ್ಕುಳಿಗೆ ಹ್ಯಾಸನ್, ಉಳಿದ ಮೂರಕ್ಕೆ ಶಂಕುವಿನ ಮೊನೆಯ, ಫ್ಲ್ಯಾಪ್ ವಾಲ್ವಿನ ಸ್ಟೀಲ್. ತೆಳ್ಳಗಿನವರಿಗೆ ತಿರುಪಿನ ಕ್ಯಾನ್ಯುಲಾ. ದಪ್ಪ ಹೊಟ್ಟೆಗೆ ಮಾತ್ರ ಒಂದೇ ಒಂದು ಹೊಸ ಪ್ಲಾಸ್ಟಿಕ್, ಬಿಲ್ಲಿನಲ್ಲಿ ಬೇರೆಯಾಗಿ ತೋರಿಸಿ. ಟ್ರಂಪೆಟ್ ಸೆಟ್ ಕಪಾಟಿನಲ್ಲಿದೆ. ಡಿಸೈನ್ ಮಾಡುವವರು ನಮ್ಮಂಥ ಊರಿನ ಓಟಿಗೆ ಬಂದು ಕೇಳಿದರೆ ನಾನು ಹೇಳುವುದು ಸ್ಟೀಲ್ ಕೊಳವೆ, ಹಗುರ ತಲೆ, 75 ಮಿ.ಮೀ. ಉದ್ದದ ಆಯ್ಕೆ, ಮತ್ತೆ ಸೀಲ್ ಮಾತ್ರ ಪ್ರತಿ ರೋಗಿಗೂ ಹೊಸದು. ಹೀಗೆ ಸೀಲ್ ಮಾತ್ರ ಬದಲಿಸುವ ನಮೂನೆ ಮಾರುಕಟ್ಟೆಯಲ್ಲಿ ಇದೆ, ಒಂದನ್ನು ತರಿಸಿ ನೋಡುತ್ತಿದ್ದೇನೆ. ನೀವೂ ತರಿಸುವುದಾದರೆ ಕ್ಯಾನ್ಯುಲಾದ ಬೆಲೆಗಿಂತ ಮೊದಲು ಬಿಡಿ ಸೀಲ್‌ನ ಬೆಲೆ ಎಷ್ಟು, ಆರ್ಡರ್ ಕೊಟ್ಟರೆ ಎಷ್ಟು ದಿನಕ್ಕೆ ರಾಯಚೂರು ಮುಟ್ಟುತ್ತದೆ ಅನ್ನುವುದನ್ನು ಕೊಟೇಷನ್‌ನಲ್ಲೇ ಬರೆಸಿಕೊಳ್ಳಿ.