ದಿನಕರ ದೇಸಾಯಿಯವರ ಕಡತಕ್ಕೆ ಕಾರವಾರದ ರಟ್ಟು

ಹಳೆಯ ಕಾಗದವನ್ನು ಉಳಿಸಿಕೊಳ್ಳಬೇಕು ಎನ್ನುವವರಿಗೆ ಕಾರವಾರ ಬಸ್ ನಿಲ್ದಾಣದ ಹಿಂದಿನ ಗಲ್ಲಿಯ ಬೈಂಡಿಂಗ್ ಅಂಗಡಿಯ ಹೆಸರನ್ನು ಧೈರ್ಯವಾಗಿ ಹೇಳುತ್ತೇನೆ. ಬೋರ್ಡಿಲ್ಲ. ಝೆರಾಕ್ಸ್ ಅಂಗಡಿಯವರನ್ನು ಕೇಳಿದರೆ ತೋರಿಸುತ್ತಾರೆ.

ನಾನು ಒಯ್ದದ್ದು ಚುಟುಕಗಳ ಕವಿ, ಉತ್ತರ ಕನ್ನಡದಲ್ಲಿ ಶಾಲೆಗಳನ್ನು ಕಟ್ಟಿದ ದಿನಕರ ದೇಸಾಯಿಯವರ ಕುರಿತು ತಂದೆಯವರು ಕೂಡಿಟ್ಟ ಪತ್ರಿಕಾ ತುಣುಕುಗಳು. ಬೇರೆ ಕಡೆ ಲ್ಯಾಮಿನೇಷನ್ ಮಾಡಿಸಿರೆಂದಿದ್ದರು. ಇಲ್ಲಿಯ ಬೈಂಡರ್ ಒಂದು ಹಾಳೆಯ ಅಂಚನ್ನು ಬೆರಳಿನಿಂದ ಸವರಿ, "ಬೇಡ ಮಾಸ್ತರರೇ, ಪ್ಲಾಸ್ಟಿಕ್ ಹಾಕಿದರೆ ಮುಂದೆ ಬಿಡಿಸಲು ಬರುವುದಿಲ್ಲ" ಎಂದರು. ತುಣುಕುಗಳನ್ನು ದಪ್ಪ ಬಿಳಿ ಹಾಳೆಗೆ ಒಂದು ಅಂಚಿನಲ್ಲಷ್ಟೇ ಅಂಟಿಸಿ, ಆ ಹಾಳೆಗಳನ್ನು ದಾರದಿಂದ ಹೊಲಿದರು. ಅಂಟು ಮೈದಾದ್ದು, ಹುಳ ಬೀಳದಂತೆ ಚೂರು ಮೈಲುತುತ್ತ ಬೆರೆಸಿದ್ದು. ಬೆನ್ನಿಗೆ ಕ್ಯಾಲಿಕೋ ಬಟ್ಟೆ. ನಮ್ಮ ಕಡೆಯ ಮಳೆಗಾಲಕ್ಕೆ ಇದೇ ಸರಿ.

ತುಣುಕುಗಳನ್ನು ಭಾಗ ಮಾಡಿದಾಗ ಒಂದು ಸಂಗತಿ ಎದ್ದು ಕಂಡಿತು. ಕಾಂಗ್ರೆಸ್ಸಿನ ಜೋಕಿಂ ಆಳ್ವ ಮೂರು ಚುನಾವಣೆ ಗೆದ್ದಿದ್ದ ನಮ್ಮ ಉತ್ತರ ಕನ್ನಡದ ಕ್ಷೇತ್ರದಿಂದ 1967ರಲ್ಲಿ ದೇಸಾಯಿಯವರು ಪಕ್ಷೇತರರಾಗಿ ಲೋಕಸಭೆಗೆ ಹೋದರು. 1970ರ ಡಿಸೆಂಬರ್‌ನಲ್ಲಿ ಸಭೆ ವಿಸರ್ಜನೆಯಾಯಿತು. ನಾಲ್ಕು ವರ್ಷವೂ ತುಂಬಲಿಲ್ಲ. ಆ ಅವಧಿಯ ತುಣುಕುಗಳು ಕೈಬೆರಳಷ್ಟು ದಪ್ಪವೂ ಇಲ್ಲ. ಉಳಿದದ್ದೆಲ್ಲ ಅಂಕೋಲೆಯ ರೈತರ ಹೋರಾಟ, ಬ್ರಿಟಿಷರು ಜಿಲ್ಲೆಯಿಂದ ಗಡಿಪಾರು ಮಾಡಿದ್ದು, 1953ರಲ್ಲಿ ಅವರು ಕಟ್ಟಿದ ಕೆನರಾ ವೆಲ್‌ಫೇರ್ ಟ್ರಸ್ಟ್, ಅದರ ಮಿರ್ಜಾನ, ಶಿರಾಲಿಗಳ ಜನತಾ ವಿದ್ಯಾಲಯಗಳು, ಅಂಕೋಲೆಯ ಗೋಖಲೆ ಶತಮಾನೋತ್ಸವ ಕಾಲೇಜು, ಚುಟುಕಗಳು. ತೆಳ್ಳಗಿನ ಭಾಗವನ್ನು ಪ್ರತ್ಯೇಕ ಮಾಡಬೇಕೆಂದಿದ್ದೆ. "ಹಾಗೆ ಮಾಡಿದರೆ ಅದೊಂದೇ ಕಳೆದುಹೋಗುತ್ತದೆ" ಎಂದು ಬೈಂಡರ್ ಅದನ್ನು ಶಾಲೆಗಳ ಭಾಗದೊಳಗೇ ಸೇರಿಸಿದರು. ಒಪ್ಪಿದೆ. ಸಂಸದ ಎನ್ನುವ ಪಟ್ಟಕ್ಕಿಂತ ಆ ಶಾಲೆಗಳಿಂದಲೇ ಈ ಕರಾವಳಿಯ ಮನೆಮನೆಗೆ ಅವರು ತಲುಪಿದರು ಎಂಬುದು ನನ್ನ ದೃಢವಾದ ನಂಬಿಕೆ.

ಕೊರತೆಯೂ ಇದೆ. ಹೇಳಿದ ದಿನಕ್ಕೆ ಕೆಲಸ ಮುಗಿದಿರಲಿಲ್ಲ, ಬೆನ್ನಿನ ಮೇಲಿನ ಬಂಗಾರದ ಅಕ್ಷರದಲ್ಲಿ 'ದಿನಕರ'ದ ಕೊನೆಯ 'ರ' ಅರೆಬರೆ ಬಿದ್ದಿದೆ. ತಿದ್ದಿಕೊಡುತ್ತೇನೆ ಎಂದಿದ್ದಾರೆ. ಎರಡು ಸಂಪುಟಕ್ಕೆ 900 ರೂಪಾಯಿ ಕೊಟ್ಟೆ. ಕೈಹೊಲಿಗೆಗೆ ದುಬಾರಿಯಲ್ಲ.

ಹೋಗುವವರು ಹಾಳೆಗಳನ್ನು ವರ್ಷದ ಪ್ರಕಾರ ಜೋಡಿಸಿ, ಪೆನ್ಸಿಲಿನಲ್ಲಿ ಪುಟಸಂಖ್ಯೆ ಬರೆದು ಒಯ್ಯಿರಿ. ಜೂನ್‌ಗಿಂತ ಮೊದಲೇ ಒಯ್ಯಿರಿ. ಮಳೆ ಹಿಡಿದ ಮೇಲೆ ಅಂಟು ಒಣಗಲು ವಾರಗಟ್ಟಲೆ ಬೇಕಂತೆ.